ವಿದೇಶದಿಂದ ವೈನ್ ತರ್ತೀರಾ? ಸೂಟ್‌ಕೇಸ್ ಜಿಪ್ ಹಾಕೋ ಮೊದಲು ಇದನ್ನೊಮ್ಮೆ ಕೇಳಿ

(ಈ ವಾರದ ಪಾಡ್‌ಕಾಸ್ಟ್‌ನ ಬರಹ ರೂಪ)



ಈ ಸಲದ ವಿಷಯ ಒಂದು ವಾಯ್ಸ್ ಮೆಸೇಜ್‌ನಿಂದ ಬಂತು. ಕಳಿಸಿದವರು ಮೈಸೂರಿನವರು, ಈಗ ಇಟಲಿಯ ಟೊರಿನೊದಲ್ಲಿ ಎಂಎಸ್ಸಿ ಓದ್ತಿದ್ದಾರೆ. ಅವರ ಪ್ರಶ್ನೆ ಹೀಗಿದೆ: "ಅಕ್ಕಾ, ನನ್ನ ಅಕ್ಕನ ಮದುವೆಗೆ ಊರಿಗೆ ಬರ್ತಿದ್ದೀನಿ. ಆರು ಬಾಟಲಿ ವೈನ್ ಇದೆ. ಎರಡು ಬರೋಲೊ, ಎರಡು ಬಾರ್ಬೆರಾ, ಒಂದು ಮೊಸ್ಕಾತೊ. ಇನ್ನೊಂದು ನಮ್ಮ ಮನೆ ಓನರ್ ಅಜ್ಜಿ ಕೊಟ್ಟಿದ್ದು, ಅವರ ತೋಟದ ದ್ರಾಕ್ಷಿಯದ್ದು, ಅದಕ್ಕೆ ಲೇಬಲ್ಲೇ ಇಲ್ಲ. ಏರ್‌ಲೈನ್ಸ್‌ನವರಿಗೆ ಫೋನ್ ಮಾಡಿದೆ, ವೈನ್‌ಗೆ ಲಿಮಿಟ್ ಇಲ್ಲ ಅಂದ್ರು. ಹಾಗಾದ್ರೆ ತರಬಹುದಲ್ವಾ?"

ಏರ್‌ಲೈನ್ಸ್‌ನವರು ಹೇಳಿದ್ದು ಸುಳ್ಳಲ್ಲ. ಆದ್ರೆ ಅದು ಪೂರ್ತಿ ಉತ್ತರವೂ ಅಲ್ಲ. ಒಂದು ಬಾಟಲಿ ಟೊರಿನೊದಿಂದ ಮೈಸೂರಿಗೆ ಬರಬೇಕಾದ್ರೆ ನಾಲ್ಕು ಬಾಗಿಲು ದಾಟಬೇಕು. ಸೆಕ್ಯುರಿಟಿ, ಏರ್‌ಲೈನ್, ಕಸ್ಟಮ್ಸ್, ಆಮೇಲೆ ರಾಜ್ಯದ ಅಬಕಾರಿ ಕಾನೂನು. ಒಂದೊಂದು ಬಾಗಿಲಲ್ಲೂ ಕೇಳೋ ಪ್ರಶ್ನೆ ಬೇರೆ. ಒಬ್ಬರು ಹೂಂ ಅಂದ್ರೆ ನಾಲ್ಕೂ ಜನ ಹೂಂ ಅಂದ ಹಾಗಲ್ಲ. ಜನ ದುಡ್ಡು ಕಳ್ಕೊಳ್ಳೋದು, ಬಾಟಲಿ ಕಳ್ಕೊಳ್ಳೋದು ಹೆಚ್ಚಾಗಿ ಇಲ್ಲೇ. ಹಾಗಾಗಿ ಒಂದೊಂದೇ ಬಾಗಿಲು ನೋಡ್ಕೊಂಡು ಹೋಗೋಣ.

ಮೊದಲ ಬಾಗಿಲು: ಸೆಕ್ಯುರಿಟಿ

ಇಲ್ಲಿ ಕೇಳೋ ಪ್ರಶ್ನೆ ಒಂದೇ: ಕೈಯಲ್ಲಿರೋ ಬ್ಯಾಗಲ್ಲಿ ದ್ರವ ಎಷ್ಟಿದೆ? ಅದು ವೈನೋ, ಶಾಂಪೂನೋ, ಅಮ್ಮ ಕೊಟ್ಟ ಸಾರೋ ಅನ್ನೋದು ಅವರಿಗೆ ಮುಖ್ಯ ಅಲ್ಲ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಸಾಮಾನ್ಯ ನಿಯಮ ಅಂದ್ರೆ ಒಂದು ಡಬ್ಬಿಯಲ್ಲಿ 100 ಎಂಎಲ್‌ಗಿಂತ ಹೆಚ್ಚು ಇರಬಾರದು, ಎಲ್ಲ ಡಬ್ಬಿಗಳೂ ಸೇರಿ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಸಬೇಕು. ವೈನ್ ಬಾಟಲಿ 750 ಎಂಎಲ್. ಅಂದ್ರೆ ಊರಲ್ಲಿ ಅಂಗಡಿಯಿಂದ ಕೊಂಡ ಬಾಟಲಿ ಕ್ಯಾಬಿನ್ ಬ್ಯಾಗಲ್ಲಿ ಹೋಗೋದಿಲ್ಲ, ಚೆಕ್-ಇನ್ ಲಗೇಜಲ್ಲೇ ಹೋಗಬೇಕು.

ಯುರೋಪಿನ ಕೆಲವು ವಿಮಾನ ನಿಲ್ದಾಣಗಳಲ್ಲಿ ಹೊಸ ಸ್ಕ್ಯಾನರ್ ಬಂದು ಈ ನಿಯಮ ಸಡಿಲ ಆಗಿದೆ. ಅದನ್ನ ನಂಬ್ಕೊಂಡು ಬಾಟಲಿ ಕೈಯಲ್ಲಿ ಹಿಡ್ಕೊಂಡು ಬರಬೇಡಿ. ಮಧ್ಯದಲ್ಲಿ ವಿಮಾನ ಬದಲಾಯಿಸೋ ಕಡೆ ಮತ್ತೊಮ್ಮೆ ತಪಾಸಣೆ ಇರುತ್ತೆ, ಅಲ್ಲಿ ಹಳೇ ನಿಯಮವೇ ಇರಬಹುದು.

ಡ್ಯೂಟಿ ಫ್ರೀ ಅಂಗಡಿ ಕಥೆ ಸ್ವಲ್ಪ ಬೇರೆ. ಸೆಕ್ಯುರಿಟಿ ದಾಟಿದ ಮೇಲೆ ಅಲ್ಲಿ ಕೊಂಡ ಬಾಟಲಿಯನ್ನ ಒಂದು ಪಾರದರ್ಶಕ ಚೀಲಕ್ಕೆ ಹಾಕಿ ಸೀಲ್ ಮಾಡ್ತಾರೆ, ಬಿಲ್ ಒಳಗೇ ಕಾಣ್ತಾ ಇರುತ್ತೆ. ಆ ಸೀಲ್‌ನ ಕೊನೇ ನಿಲ್ದಾಣದವರೆಗೂ ಒಡೀಬಾರದು. ವೇಟಿಂಗ್ ಟೈಮಲ್ಲಿ ಫೋಟೋ ತೆಗೆಯೋಕೆ ಅಂತ ಚೀಲ ಬಿಚ್ಚಿದ್ರೂ ಮುಂದಿನ ತಪಾಸಣೆಯಲ್ಲಿ ಅದು ಬರೀ 750 ಎಂಎಲ್ ದ್ರವ ಅಷ್ಟೇ.

ಮಂಗಳೂರು, ಹುಬ್ಬಳ್ಳಿ ಕಡೆಯವರು ಇನ್ನೊಂದು ವಿಷಯ ನೆನಪಲ್ಲಿಡಿ. ವಿದೇಶದಿಂದ ಮುಂಬೈಗೋ ದೆಹಲಿಗೋ ಇಳಿದು, ಅಲ್ಲಿಂದ ದೇಶದೊಳಗಿನ ವಿಮಾನ ಹತ್ತೋದಾದ್ರೆ ಮೊದಲು ಇಳಿದ ಊರಲ್ಲೇ ಕಸ್ಟಮ್ಸ್ ಆಗುತ್ತೆ. ಲಗೇಜ್ ತಗೊಂಡು ಮತ್ತೆ ಕೊಡಬೇಕು. ಆ ಹೊತ್ತಲ್ಲೇ ಡ್ಯೂಟಿ ಫ್ರೀ ಬಾಟಲಿಯನ್ನೂ ಸೂಟ್‌ಕೇಸ್ ಒಳಗೆ ಸೇರಿಸಿಬಿಡಿ. ಮುಂದಿನ ಸೆಕ್ಯುರಿಟಿಯಲ್ಲಿ ವಾದ ಮಾಡೋ ಪ್ರಮೇಯವೇ ಬರೋದಿಲ್ಲ.

ಎರಡನೇ ಬಾಗಿಲು: ಏರ್‌ಲೈನ್

ಏರ್‌ಲೈನ್‌ಗೆ ಇರೋ ಚಿಂತೆ ಎರಡು: ಬೆಂಕಿ ಮತ್ತು ತೂಕ. ಬೆಂಕಿ ಯಾಕೆ ಅಂದ್ರೆ ಆಲ್ಕೋಹಾಲ್ ಉರಿಯೋ ವಸ್ತು. ವಿಮಾನಯಾನದ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಆಲ್ಕೋಹಾಲ್ ಪ್ರಮಾಣ ಶೇ 24 ಅಥವಾ ಅದಕ್ಕಿಂತ ಕಡಿಮೆ ಇದ್ರೆ ಅಪಾಯಕಾರಿ ವಸ್ತುಗಳ ಲೆಕ್ಕಕ್ಕೆ ಬರೋದಿಲ್ಲ, ಪ್ರಮಾಣಕ್ಕೆ ಮಿತಿ ಇಲ್ಲ. ಶೇ 24ಕ್ಕಿಂತ ಹೆಚ್ಚು, ಶೇ 70ರವರೆಗೆ ಇದ್ರೆ ಒಬ್ಬರಿಗೆ ಒಟ್ಟು 5 ಲೀಟರ್, ಅದೂ ಕಂಪನಿಯ ಮೂಲ ಪ್ಯಾಕಿಂಗ್‌ನಲ್ಲೇ ಇರಬೇಕು. ಶೇ 70 ದಾಟಿದ್ರೆ ವಿಮಾನದಲ್ಲಿ ಜಾಗವೇ ಇಲ್ಲ.

ಸಾಮಾನ್ಯ ವೈನ್ ಶೇ 12ರಿಂದ 15ರ ಆಸುಪಾಸು. ಮೊಸ್ಕಾತೊ ದಾಸ್ತಿ ಅನ್ನೋ ಸಿಹಿ ವೈನ್ ಶೇ 5ರ ಹತ್ತಿರ, ಹೆಚ್ಚುಕಮ್ಮಿ ಬಿಯರ್‌ನಷ್ಟೇ. ಪೋರ್ಟ್ ವೈನ್ ಕೂಡ ಸುಮಾರು ಶೇ 20. ಎಲ್ಲವೂ ಶೇ 24ರ ಕೆಳಗೇ. ಹಾಗಾಗಿಯೇ ನಮ್ಮ ಕೇಳುಗರಿಗೆ 'ಲಿಮಿಟ್ ಇಲ್ಲ' ಅನ್ನೋ ಉತ್ತರ ಸಿಕ್ಕಿದ್ದು.

ಇನ್ನು ತೂಕ. ತುಂಬಿದ ವೈನ್ ಬಾಟಲಿ ಸಾಮಾನ್ಯವಾಗಿ ಒಂದು ಕಾಲು ಕೆಜಿಯ ಆಸುಪಾಸು ಇರುತ್ತೆ. ಒಳಗಿನ ವೈನ್ ಮುಕ್ಕಾಲು ಕೆಜಿ, ಉಳಿದದ್ದು ಗಾಜು. ದಪ್ಪ ಗಾಜಿನ ಬಾಟಲಿ ಒಂದೂವರೆ ಕೆಜಿ ಮುಟ್ಟುತ್ತೆ. ಆರು ಬಾಟಲಿ ಅಂದ್ರೆ ಎಂಟು ಕೆಜಿ ಅಂದ್ಕೊಳ್ಳಿ. ನಿಮ್ಮ ಟಿಕೆಟ್‌ಗೆ 23 ಕೆಜಿ ಅಂತಿದ್ರೆ ಮೂರನೇ ಒಂದು ಭಾಗ ವೈನ್‌ಗೇ ಹೋಯ್ತು. ಹೆಚ್ಚುವರಿ ಲಗೇಜ್‌ಗೆ ಕೌಂಟರಲ್ಲಿ ಕಟ್ಟೋ ದುಡ್ಡು ಕೆಲವೊಮ್ಮೆ ವೈನ್ ಬೆಲೆಗಿಂತ ಜಾಸ್ತಿ ಆಗುತ್ತೆ. ನಾನಂತೂ ಸೂಟ್‌ಕೇಸ್‌ಗೆ ನೇತು ಹಾಕಿ ತೂಗೋ ಸಣ್ಣ ತಕ್ಕಡಿ ಇಲ್ಲದೆ ಪ್ರಯಾಣ ಮಾಡೋದೇ ಇಲ್ಲ.

ಮೂರನೇ ಬಾಗಿಲು: ಕಸ್ಟಮ್ಸ್

ನಿಜವಾದ ಲೆಕ್ಕ ಶುರುವಾಗೋದು ಇಲ್ಲಿ. ಭಾರತಕ್ಕೆ ಬರೋ ಒಬ್ಬ ಪ್ರಯಾಣಿಕರು ಸುಂಕ ಇಲ್ಲದೆ ತರಬಹುದಾದ ಮದ್ಯ ಒಟ್ಟು 2 ಲೀಟರ್. ಈ 'ಒಟ್ಟು' ಅನ್ನೋ ಪದಕ್ಕೆ ಅಂಡರ್‌ಲೈನ್ ಹಾಕ್ಕೊಳ್ಳಿ. ವೈನ್‌ಗೆ ಎರಡು, ವಿಸ್ಕಿಗೆ ಎರಡು, ಬಿಯರ್‌ಗೆ ಎರಡು ಅಂತ ಅಲ್ಲ. ಎಲ್ಲ ಸೇರಿ ಎರಡು. ಏರ್‌ಲೈನ್ ನೋಡಿದ ಹಾಗೆ ಕಸ್ಟಮ್ಸ್ ಆಲ್ಕೋಹಾಲ್‌ನ ಶೇಕಡಾವಾರು ನೋಡೋದಿಲ್ಲ. ಶೇ 5ರ ಮೊಸ್ಕಾತೊನೂ ಒಂದೇ, ಶೇ 40ರ ಗ್ರಾಪ್ಪಾನೂ ಒಂದೇ. ಲೀಟರ್ ಅಂದ್ರೆ ಲೀಟರ್.

ಈಗ ಲೆಕ್ಕ ಹಾಕಿ. ಎರಡು ಬಾಟಲಿ ಅಂದ್ರೆ ಒಂದೂವರೆ ಲೀಟರ್, ಆರಾಮ. ಮೂರನೇ ಬಾಟಲಿ ಸೇರಿದ್ರೆ 2.25 ಲೀಟರ್, ಮಿತಿ ದಾಟ್ತು. ವೈನ್ ಬಾಟಲಿಯ ಅಳತೆ 750 ಎಂಎಲ್, ನಮ್ಮ ಮಿತಿ 2 ಲೀಟರ್, ಎರಡೂ ಸರಿಹೊಂದೋದಿಲ್ಲ. ಉಳಿಯೋ ಅರ್ಧ ಲೀಟರ್‌ನ ಉಪಯೋಗಿಸಬೇಕು ಅಂದ್ರೆ 375 ಎಂಎಲ್‌ನ ಅರ್ಧ ಬಾಟಲಿ ಸಿಗುತ್ತೆ, ಅದನ್ನ ಹುಡುಕಿ. ಎರಡೂವರೆ ಬಾಟಲಿಗೆ 1.875 ಲೀಟರ್, ಮಿತಿಯೊಳಗೇ.

ಇಲ್ಲಿ ತುಂಬಾ ಜನ ಮರೆಯೋ ಇನ್ನೊಂದು ಸಂಗತಿ: ಬೆಂಗಳೂರಲ್ಲಿ ಇಳಿದ ಮೇಲೆ, ಲಗೇಜ್ ಬರೋ ಜಾಗದ ಹತ್ತಿರ ಇರೋ ಡ್ಯೂಟಿ ಫ್ರೀ ಅಂಗಡಿ. ಅಲ್ಲಿ ಕೊಂಡದ್ದೂ ಇದೇ 2 ಲೀಟರ್ ಒಳಗೇ ಬರುತ್ತೆ. ಸೂಟ್‌ಕೇಸಲ್ಲಿ ಎರಡು ವೈನ್ ಇಟ್ಕೊಂಡು, 'ಅಪ್ಪನಿಗೆ ಒಂದು' ಅಂತ ಅಲ್ಲಿ ಒಂದು ಲೀಟರ್ ವಿಸ್ಕಿ ತಗೊಂಡ್ರೆ ಎರಡೂವರೆ ಲೀಟರ್ ಆಯ್ತು. ಅಂಗಡಿಯವರು ಕೊಟ್ರಲ್ಲ ಅನ್ನೋದು ಕಸ್ಟಮ್ಸ್ ಮುಂದೆ ಉತ್ತರ ಆಗೋದಿಲ್ಲ.

ಗಂಡ ಹೆಂಡತಿ ಒಟ್ಟಿಗೆ ಬಂದ್ರೆ? ಇಬ್ಬರಿಗೂ ತಲಾ 2 ಲೀಟರ್. ಆದ್ರೆ ಒಬ್ಬರ ಮಿತಿಯನ್ನ ಇನ್ನೊಬ್ಬರ ಜೊತೆ ಸೇರಿಸಿ ಲೆಕ್ಕ ಹಾಕೋಕೆ ಬ್ಯಾಗೇಜ್ ನಿಯಮದಲ್ಲಿ ಅವಕಾಶ ಇಲ್ಲ. ಹಾಗಾಗಿ ಅವರವರ ಬಾಟಲಿ ಅವರವರ ಸೂಟ್‌ಕೇಸಲ್ಲೇ ಇರ್ಲಿ.

ಮಿತಿ ದಾಟಿದ್ರೆ ಏನು ಅಂತ ಕೇಳ್ತೀರಿ. ತರೋದು ಅಪರಾಧ ಅಲ್ಲ, ಮುಚ್ಚಿಟ್ಟು ತರೋದು ಅಪರಾಧ. ಹೆಚ್ಚಿದ್ರೆ ಗ್ರೀನ್ ಚಾನೆಲ್ ಬಿಟ್ಟು ರೆಡ್ ಚಾನೆಲ್‌ಗೆ ಹೋಗಿ, ಇಷ್ಟು ಬಾಟಲಿ ಇದೆ ಅಂತ ಘೋಷಿಸಿ, ಸುಂಕ ಕಟ್ಟಿ. ಬೇರೆ ಸಾಮಾನುಗಳಿಗಿರೋ ಬ್ಯಾಗೇಜ್ ಸುಂಕದ ದರ ಮದ್ಯಕ್ಕೆ ಅನ್ವಯ ಆಗೋದಿಲ್ಲ, ಅದಕ್ಕೆ ಬೇರೆಯೇ ದರ. ವೈನ್‌ಗೆ ವರ್ಷಗಟ್ಟಲೆ ಇದ್ದ ಸುಂಕ ಶೇ 150. 2021ರ ಬಜೆಟ್‌ನಲ್ಲಿ ಮೂಲ ಸುಂಕವನ್ನ ಶೇ 50ಕ್ಕೆ ಇಳಿಸಿ, ಶೇ 100 ಕೃಷಿ ಸೆಸ್ ಸೇರಿಸಿದ್ರು. ಕೂಡಿದ್ರೆ ಮತ್ತೆ ಅಷ್ಟೇ. ಆ ದರದಲ್ಲಿ ₹1,500ರ ಬಾಟಲಿಗೆ ಸುಂಕವೇ ₹2,250. ಮನೆ ಮುಟ್ಟೋ ಹೊತ್ತಿಗೆ ಅದು ₹3,750ರ ಬಾಟಲಿ. ನಮ್ಮ ಕೇಳುಗರ ಹಾಗೆ ಎರಡು ಬಿಟ್ಟು ಇನ್ನೂ ನಾಲ್ಕು ಇದ್ರೆ ಸುಮಾರು ₹9,000. ಸ್ಟೂಡೆಂಟ್ ಬಜೆಟ್‌ನಲ್ಲಿ ಅದು ಸಣ್ಣ ಮೊತ್ತ ಅಲ್ಲ. ಯಾವ್ಯಾವ ದೇಶದ ಜೊತೆ ಒಪ್ಪಂದ ಆಗುತ್ತೋ ಅದರ ಮೇಲೆ ಸುಂಕ ಬದಲಾಗ್ತಾ ಇರುತ್ತೆ, ಹಾಗಾಗಿ ಹೊರಡೋ ವಾರದಲ್ಲಿ ಕೇಂದ್ರ ಕಸ್ಟಮ್ಸ್ ಮಂಡಳಿಯ ವೆಬ್‌ಸೈಟ್ ಒಮ್ಮೆ ನೋಡಿ.

ಗಿಫ್ಟ್ ಬಂದ ಬಾಟಲಿಗೆ ಬೆಲೆ ಇಲ್ಲವಲ್ಲ ಅನ್ನೋ ಮಾತೂ ನಡೆಯೋದಿಲ್ಲ. ನೀವು ದುಡ್ಡು ಕೊಟ್ಟಿಲ್ಲ ಅಷ್ಟೇ, ವಸ್ತುವಿಗೆ ಬೆಲೆ ಇದೆ. ಬಿಲ್ ಇದ್ರೆ ಆ ಬೆಲೆ ತೋರಿಸಬಹುದು, ಇಲ್ಲದಿದ್ರೆ ಅಧಿಕಾರಿ ಅಂದಾಜು ಮಾಡ್ತಾರೆ. ಹಾಗಾಗಿ ಬಿಲ್‌ನ ಫೋಟೋ ತೆಗೆದು ಫೋನಲ್ಲಿ ಇಟ್ಕೊಳ್ಳಿ, ಕಾಗದವನ್ನೂ ಬಿಸಾಡಬೇಡಿ.

ರಜೆಗೆ ಬಂದು ವಾಪಸ್ ಹೋಗೋರಿಗೆ ಇನ್ನೊಂದು ದಾರಿ ಇದೆ. 1962ರ ಕಸ್ಟಮ್ಸ್ ಕಾಯ್ದೆಯ 80ನೇ ಸೆಕ್ಷನ್ ಪ್ರಕಾರ, ನೀವು ನಿಜ ಹೇಳಿ ಘೋಷಿಸಿದ ವಸ್ತುವಿಗೆ ಸುಂಕ ಕಟ್ಟೋಕೆ ಇಷ್ಟ ಇಲ್ಲದಿದ್ರೆ, ದೇಶ ಬಿಟ್ಟು ಹೋಗುವಾಗ ವಾಪಸ್ ತಗೊಳ್ತೀನಿ ಅಂತ ಕೋರಿ ಅಲ್ಲೇ ಬಿಡಬಹುದು. ಒಪ್ಪೋದು ಅಧಿಕಾರಿಗೆ ಬಿಟ್ಟದ್ದು. ಆದ್ರೆ ಈ ಕೋರಿಕೆ ಇಡೋಕೂ ಮೊದಲ ಷರತ್ತು ಘೋಷಣೆ. ಗ್ರೀನ್ ಚಾನೆಲಲ್ಲಿ ನಡ್ಕೊಂಡು ಹೋಗ್ತಾ ಸಿಕ್ಕಿಬಿದ್ರೆ ಈ ಬಾಗಿಲು ಮುಚ್ಚಿತು. ಬಾಟಲಿ ಮುಟ್ಟುಗೋಲು ಆಗಬಹುದು, ದಂಡವೂ ಬೀಳಬಹುದು.

ಈಗ ಅಜ್ಜಿಯ ಬಾಟಲಿ. ಲೇಬಲ್ ಇಲ್ಲ ಅಂದ್ರೆ ಒಳಗೆ ಏನಿದೆ, ಎಷ್ಟು ಶೇಕಡಾ, ಎಷ್ಟು ಬೆಲೆ, ಯಾವುದಕ್ಕೂ ಸಾಕ್ಷಿ ಇಲ್ಲ. ಚೆಕ್-ಇನ್ ಕೌಂಟರಲ್ಲೇ ಇದು ಶೇ 24ರ ಕೆಳಗಿದೆ ಅಂತ ನೀವು ಹೇಗೆ ತೋರಿಸ್ತೀರಿ? ನನ್ನ ಸಲಹೆ ಕೇಳೋದಾದ್ರೆ, ಅದನ್ನ ಹೊರಡೋ ಹಿಂದಿನ ರಾತ್ರಿ ಅಜ್ಜಿಯ ಜೊತೆ ಕೂತು ಅಲ್ಲೇ ಮುಗಿಸಿ. ಬಾರ್ಬೆರಾ ಎರಡನ್ನೂ ಟೊರಿನೊದ ಗೆಳೆಯರಿಗೆ ಬಿಡಿ. ಮದುವೆ ಮನೆಗೆ ಒಂದು ಬರೋಲೊ, ಒಂದು ಮೊಸ್ಕಾತೊ ಸಾಕು. ಬರೋಲೊ ಅಂದ್ರೆ ಬಿಡುಗಡೆಗೆ ಮೊದಲೇ ಮೂರು ವರ್ಷಕ್ಕೂ ಹೆಚ್ಚು ಕಾಲ ಇಟ್ಟು ಹದ ಮಾಡಿದ ವೈನ್, ಬೇಗ ಕೆಡೋದಿಲ್ಲ. ಮೊಸ್ಕಾತೊ ಸಿಹಿ, ವೈನ್ ರುಚಿಯೇ ಗೊತ್ತಿಲ್ಲದ ಚಿಕ್ಕಮ್ಮನೂ ಎರಡು ಗುಟುಕು ಕುಡಿದು ನೋಡ್ತಾರೆ. ಎರಡನೇ ಬರೋಲೊ ತರಲೇಬೇಕು ಅನ್ನೋದಾದ್ರೆ ರೆಡ್ ಚಾನೆಲ್, ಸುಂಕ, ರಸೀದಿ. ಮನಸ್ಸಿಗೆ ನೆಮ್ಮದಿ.

ನಾಲ್ಕನೇ ಬಾಗಿಲು: ರಾಜ್ಯ

ಕಸ್ಟಮ್ಸ್ ದಾಟಿದ್ರೆ ಮುಗೀತು ಅಂದ್ಕೊಳ್ಳೋರೇ ಹೆಚ್ಚು. ಆದ್ರೆ ಸಂವಿಧಾನದ ಏಳನೇ ಪರಿಚ್ಛೇದದಲ್ಲಿ ಮದ್ಯ ರಾಜ್ಯಪಟ್ಟಿಗೆ ಸೇರಿದ ವಿಷಯ. ಎಷ್ಟು ಇಟ್ಕೊಳ್ಳಬಹುದು, ಎಷ್ಟು ವಯಸ್ಸಾಗಿರಬೇಕು, ಒಂದು ರಾಜ್ಯದಿಂದ ಇನ್ನೊಂದಕ್ಕೆ ಎಷ್ಟು ಒಯ್ಯಬಹುದು ಅನ್ನೋದನ್ನ ಆಯಾ ರಾಜ್ಯವೇ ಹೇಳುತ್ತೆ. ಇಟಲಿಯಲ್ಲಿ 18ಕ್ಕೆ ವೈನ್ ಕೊಳ್ಳಬಹುದು, ಕರ್ನಾಟಕದಲ್ಲಿ 21 ಆಗಿರಬೇಕು.

ಬೆಂಗಳೂರಲ್ಲಿ ಇಳಿದು ಕಾರಲ್ಲೋ ಬಸ್ಸಲ್ಲೋ ಮೈಸೂರಿಗೆ ಹೋಗೋರಿಗೆ ಎರಡು ಬಾಟಲಿ ದೊಡ್ಡ ವಿಷಯ ಅಲ್ಲ. ಬಿಲ್, ಬೋರ್ಡಿಂಗ್ ಪಾಸ್, ಸುಂಕ ಕಟ್ಟಿದ್ರೆ ಅದರ ರಸೀದಿ, ಇಷ್ಟು ಜೊತೆಗಿರ್ಲಿ. ಆದ್ರೆ ಅಹಮದಾಬಾದಿಗೋ ಪಟ್ನಾಗೋ ಹೋಗ್ತಾ ಇದ್ರೆ ನಿಲ್ಲಿ. ಗುಜರಾತಲ್ಲಿ ಪಾನನಿಷೇಧ ಇದೆ, ಹೊರಗಿನಿಂದ ಬಂದವರಿಗೂ ಪರ್ಮಿಟ್ ಬೇಕು. ಬಿಹಾರದಲ್ಲಿ 2016ರಿಂದ ಪೂರ್ತಿ ನಿಷೇಧ. ಕಸ್ಟಮ್ಸ್ ಕೊಟ್ಟ 2 ಲೀಟರ್ ವಿನಾಯಿತಿ ಬರೀ ಸುಂಕಕ್ಕೆ ಸಂಬಂಧಪಟ್ಟದ್ದು, ಅದು ರಾಜ್ಯದ ಪರವಾನಗಿ ಅಲ್ಲ.

ನಾಸಿಕ್‌ಗೋ ಗೋವಾಕ್ಕೋ ಹೋಗಿ ಬರೋರಿಗೂ ಇದೇ ಮಾತು. ದೇಶದೊಳಗಿನ ವಿಮಾನ, ಕಸ್ಟಮ್ಸ್ ಇಲ್ಲ ನಿಜ. ಆದ್ರೆ ಗಡಿ ದಾಟುವಾಗ ಅಬಕಾರಿ ನಿಯಮ ಇದ್ದೇ ಇರುತ್ತೆ. ಕೊಳ್ಳೋ ಅಂಗಡಿಯಲ್ಲೇ ಪರ್ಮಿಟ್ ವಿಚಾರ ಕೇಳಿ, ಬಿಲ್ ಹಾಕಿಸ್ಕೊಳ್ಳಿ.

ಮದುವೆ ವಿಷಯ ಬಂತಲ್ಲ, ಅದಕ್ಕೇ ಇದೂ ಹೇಳ್ತೀನಿ. ಮನೆಯವರು ಕೂತು ಕುಡಿಯೋದು ಬೇರೆ, ಛತ್ರದಲ್ಲಿ ಅತಿಥಿಗಳಿಗೆ ಹಂಚೋದು ಬೇರೆ. ಸಮಾರಂಭದಲ್ಲಿ ಮದ್ಯ ಕೊಡೋದಾದ್ರೆ ಅಬಕಾರಿ ಇಲಾಖೆಯ ತಾತ್ಕಾಲಿಕ ಪರವಾನಗಿ ಬೇಕು. ಹಾಗೇ, ಸುಂಕ ಇಲ್ಲದೆ ತಂದದ್ದು ಸ್ವಂತಕ್ಕೆ ಅಥವಾ ಉಡುಗೊರೆಗೆ, ಮಾರೋಕಲ್ಲ.

ಪಾರ್ಸೆಲ್ ಹಾಕಿಸಿದ್ರೆ ಆಗಲ್ವಾ?

ವೈನ್ ತೋಟಗಳಿಗೆ ಹೋದ್ರೆ 'ನಾವು ಎಲ್ಲ ದೇಶಕ್ಕೂ ಕಳಿಸ್ತೀವಿ' ಅನ್ನೋ ಬೋರ್ಡ್ ಕಾಣುತ್ತೆ. ಭಾರತದ ಮಟ್ಟಿಗೆ ಇದು ತುಂಬಾ ದುಬಾರಿ ದಾರಿ. ಕಾರಣ ಸರಳ. ಆ 2 ಲೀಟರ್ ವಿನಾಯಿತಿ ಇರೋದು ನಿಮ್ಮ ಜೊತೆ ಬರೋ ಲಗೇಜ್‌ಗೆ. ನೀವು ವಿಮಾನದಲ್ಲಿ, ವೈನ್ ಕೊರಿಯರ್‌ನಲ್ಲಿ ಬಂದ್ರೆ ಮೊದಲ ಬಾಟಲಿಯಿಂದಲೇ ಸುಂಕ. 2019ರ ಡಿಸೆಂಬರ್‌ನಲ್ಲಿ ಕೊರಿಯರ್, ಅಂಚೆ ಮೂಲಕ ಬರೋ ಗಿಫ್ಟ್‌ಗಳ ಸುಂಕ ವಿನಾಯಿತಿಯನ್ನೂ ರಾಖಿ, ಜೀವರಕ್ಷಕ ಔಷಧಿಯಂಥ ಕೆಲವನ್ನ ಬಿಟ್ಟು ತೆಗೆದುಬಿಟ್ಟಿದ್ದಾರೆ. ಜೊತೆಗೆ ರಾಜ್ಯದ ಅಬಕಾರಿ ಕಾಗದಪತ್ರ ಬೇರೆ.

ಕಳಿಸೋ ಕಡೆಯೂ ಸುಲಭ ಇಲ್ಲ. ಅಮೆರಿಕದ ಅಂಚೆ ಇಲಾಖೆ ಮದ್ಯದ ಪಾರ್ಸೆಲ್ ತಗೊಳ್ಳೋದೇ ಇಲ್ಲ. ಅಲ್ಲಿನ ದೊಡ್ಡ ಕೊರಿಯರ್ ಕಂಪನಿಗಳು ಲೈಸೆನ್ಸ್ ಇರೋ ವ್ಯಾಪಾರಿಗಳಿಂದ ಮಾತ್ರ ತಗೊಳ್ತವೆ. ವೈನ್‌ನ 'ಆಲಿವ್ ಎಣ್ಣೆ' ಅಂತ ಬರೆದು ಕಳಿಸೋ ಐಡಿಯಾ ಯಾರಾದ್ರೂ ಕೊಟ್ರೆ ಕೇಳಬೇಡಿ. ಅದು ಸುಳ್ಳು ಘೋಷಣೆ, ಪಾರ್ಸೆಲ್ ಮೇಲಿರೋದು ನಿಮ್ಮ ಹೆಸರು.

ಆದ್ರೂ ಅಂಗಡಿಯವರು ಕಳಿಸ್ತೀವಿ ಅಂದ್ರೆ ದುಡ್ಡು ಕೊಡೋ ಮೊದಲು ಮೂರು ಪ್ರಶ್ನೆ ಕೇಳಿ. ಭಾರತದ ಸುಂಕ ಈ ಬೆಲೆಯಲ್ಲಿ ಸೇರಿದೆಯಾ? ಕರ್ನಾಟಕದಲ್ಲಿ ಇದನ್ನ ಬಿಡಿಸಿಕೊಳ್ಳೋ ಪರವಾನಗಿ ಯಾರ ಹತ್ರ ಇದೆ? ಕಸ್ಟಮ್ಸ್‌ನವರು ತಡೆದ್ರೆ ಅಥವಾ ಬಾಟಲಿ ಒಡೆದ್ರೆ ನಷ್ಟ ಯಾರದು? ಮೂರಕ್ಕೂ ಬರಹದಲ್ಲಿ ಉತ್ತರ ಸಿಗದಿದ್ರೆ ಬಿಟ್ಟುಬಿಡಿ.

ಪ್ಯಾಕಿಂಗ್: ಒಡೆಯೋದು ಎತ್ತರದಿಂದಲ್ಲ, ಏಟಿನಿಂದ

ಮೇಲೆ ಹೋದಾಗ ಬಾಟಲಿ ಸಿಡಿಯುತ್ತಾ ಅಂತ ತುಂಬಾ ಜನ ಕೇಳ್ತಾರೆ. ಪ್ರಯಾಣಿಕರ ವಿಮಾನದಲ್ಲಿ ಕೆಳಗಿನ ಲಗೇಜ್ ಕೋಣೆಯಲ್ಲೂ ನಿಮ್ಮ ಸೀಟಿನ ಹತ್ತಿರ ಇರೋವಷ್ಟೇ ಗಾಳಿಯ ಒತ್ತಡ ಇರುತ್ತೆ. ಸ್ಪಾರ್ಕ್ಲಿಂಗ್ ವೈನ್‌ನ ಗಾಜಂತೂ ಒತ್ತಡ ತಡೆಯೋಕೇ ದಪ್ಪ ಮಾಡಿರ್ತಾರೆ. ಬಾಟಲಿ ಒಡೆಯೋದು ಸೂಟ್‌ಕೇಸ್ ಎತ್ತಿ ಹಾಕುವಾಗ, ಅಥವಾ ಎರಡು ಬಾಟಲಿ ಒಂದಕ್ಕೊಂದು ಬಡಿದಾಗ. ಬೆಲ್ಟ್ ಮೇಲೆ ಕೆಂಪಗೆ ಸೋರ್ತಾ ಬರೋ ಸೂಟ್‌ಕೇಸ್‌ನ ಒಂದ್ಸಲ ನೋಡಿದ್ದೀನಿ. ಸುತ್ತ ನಿಂತವರೆಲ್ಲ ನಮ್ಮದಲ್ಲದಿದ್ರೆ ಸಾಕು ಅಂತ ಕಾಯ್ತಿದ್ರು.

ಕ್ರಮ ಹೀಗಿಟ್ಕೊಳ್ಳಿ. ಮೊದಲು ಬಾಟಲಿಯನ್ನ ಸೋರದ ಜಿಪ್ ಚೀಲಕ್ಕೆ ಹಾಕಿ ಗಾಳಿ ತೆಗೆದು ಮುಚ್ಚಿ. ಕತ್ತಿನ ಭಾಗಕ್ಕೆ ದಪ್ಪ ಕಾಲುಚೀಲ ಹಾಕಿ, ಅದು ತೆಳು ಜಾಗ. ಇಡೀ ಬಾಟಲಿಗೆ ಸ್ವೆಟರ್ ಅಥವಾ ಟವೆಲ್ ಸುತ್ತಿ. ಗಟ್ಟಿ ಚಿಪ್ಪಿನ ಸೂಟ್‌ಕೇಸ್‌ನ ಮಧ್ಯದಲ್ಲಿ ಇಡಿ, ಆರೂ ಕಡೆ ಬಟ್ಟೆ ಇರ್ಲಿ. ಎರಡು ಬಾಟಲಿ ನಡುವೆಯೂ ಬಟ್ಟೆ ಇರ್ಲಿ. ಮುಚ್ಚಿ ಅಲ್ಲಾಡಿಸಿ ನೋಡಿ, ಒಳಗೆ ಏನಾದ್ರೂ ಸರಿದಾಡಿದ್ರೆ ಇನ್ನೂ ತುಂಬಬೇಕು. ಮುಖ್ಯವಾಗಿ, ಮದುವೆಗೆ ಉಡೋ ರೇಷ್ಮೆ ಸೀರೆಯನ್ನೂ ಕೆಂಪು ವೈನನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡಬೇಡಿ.

ಮನೆಗೆ ಬಂದ ಮೇಲೆ ವೈನ್‌ಗೆ ದೊಡ್ಡ ಶತ್ರು ಬಿಸಿ. ದಾರಿಯಲ್ಲಿ ಊಟಕ್ಕೆ ನಿಲ್ಲಿಸಿ, ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಎರಡು ಗಂಟೆ ಬಿಟ್ರೆ, ಎಷ್ಟೋ ದೇಶ ದಾಟಿ ಬಂದ ಬಾಟಲಿ ಅಲ್ಲೇ ಕೆಡಬಹುದು. ಮನೆಯಲ್ಲಿ ಫ್ರಿಜ್ ಮೇಲೆ ಬೇಡ, ಒಲೆ ಹತ್ತಿರ ಬೇಡ, ಶೋಕೇಸ್ ಲೈಟ್ ಕೆಳಗೂ ಬೇಡ. ಕತ್ತಲಿರೋ, ತಂಪಾಗಿರೋ ಕಪಾಟು ಸಾಕು. ಕಾರ್ಕ್ ಇರೋ ಬಾಟಲಿಯನ್ನ ತುಂಬಾ ದಿನ ಇಡೋದಾದ್ರೆ ಅಡ್ಡ ಮಲಗಿಸಿ, ಕಾರ್ಕ್ ಒಣಗೋದಿಲ್ಲ. ತಿರುಪು ಮುಚ್ಚಳದ್ದಾದ್ರೆ ಹೇಗಿಟ್ರೂ ಆಗುತ್ತೆ.

ಇಷ್ಟೂ ನೆನಪಲ್ಲಿ ಉಳಿಯೋದಿಲ್ಲ ಅನ್ನೋರು ಫೋನಲ್ಲಿ ಒಂದು ನೋಟ್ ಬರ್ಕೊಳ್ಳಿ: ಕೈಯಲ್ಲಿ ಬೇಡ, ಪೆಟ್ಟಿಗೆಯಲ್ಲಿ. ತೂಕ ನೋಡು. ಒಟ್ಟು 2 ಲೀಟರ್. ಹೆಚ್ಚಿದ್ರೆ ಹೇಳು. ಹೋಗೋ ರಾಜ್ಯದ ಕಾನೂನು ನೋಡು. ಬಿಲ್ ಇಟ್ಕೋ. ಈ ಎಪಿಸೋಡ್‌ನ, ಈಗ ಹೊರದೇಶದಲ್ಲಿ ಬ್ಯಾಗ್ ಕಟ್ತಾ ಇರೋ ನಿಮ್ಮ ಫ್ರೆಂಡ್‌ಗೆ ಕಳಿಸಿ. ಮುಂದಿನ ವಾರ ಇನ್ನೊಬ್ಬ ಕೇಳುಗರ ಪ್ರಶ್ನೆ ಜೊತೆ ಸಿಗ್ತೀನಿ.